ವಾಚನಾಲಯಕ್ಕೆ ರಾತ್ರಿ ಬೀಗ ಹಾಕಿ

ಮಾನ್ಯ ಸಂಪಾದಕರೇ,

ನಮ್ಮ ಭಾಗದ ವೈದ್ಯಕೀಯ ಕಾಲೇಜೊಂದರಲ್ಲಿ ಹಗಲೂ ರಾತ್ರಿ ತೆರೆದಿರುವ ಹವಾನಿಯಂತ್ರಿತ ವಾಚನಾಲಯ ಉದ್ಘಾಟನೆಯಾದ ಸುದ್ದಿಯನ್ನು ನಿಮ್ಮ ಜಿಲ್ಲಾ ಪುಟದಲ್ಲಿ ಓದಿದೆ. ಟೇಪು, ಕತ್ತರಿ, ಪೇಟ ತೊಟ್ಟ ಗಣ್ಯರು ಎಲ್ಲವೂ ಚಿತ್ರದಲ್ಲಿದ್ದವು. ಭಾವಿ ವೈದ್ಯರ ಮಾನಸಿಕ ಒತ್ತಡ ತಗ್ಗಿಸಲು ಈ ಸೌಲಭ್ಯ ನೆರವಾಗುತ್ತದೆ ಎಂದು ವೇದಿಕೆಯ ಮೇಲಿದ್ದವರು ಹೇಳಿದ್ದನ್ನು ನಿಮ್ಮ ವರದಿಗಾರರು ಹಾಗೆಯೇ ಬರೆದುಕೊಂಡು ಬಂದಿದ್ದಾರೆ. ನಿದ್ದೆಗೆಟ್ಟ ಮಕ್ಕಳಿಗೆ ಇನ್ನಷ್ಟು ನಿದ್ದೆಗೆಡಲು ತಂಪಾದ ಜಾಗ ಮಾಡಿಕೊಟ್ಟರೆ ಒತ್ತಡ ಹೇಗೆ ತಗ್ಗುತ್ತದೆ ಎಂದು ಅಲ್ಲಿ ಯಾರೂ ಕೇಳಿದಂತೆ ಕಾಣಲಿಲ್ಲ.

ನಾನು ವೈದ್ಯೆಯಲ್ಲ. ಬೇರೊಂದು ವೈದ್ಯಕೀಯ ಕಾಲೇಜಿನ ಗ್ರಂಥಾಲಯಕ್ಕೆ ಸಹಾಯಕಿಯಾಗಿ ಸೇರಿ, ಗ್ರಂಥಪಾಲಕಿಯಾಗಿ ನಿವೃತ್ತಳಾದವಳು. ಸುಮಾರು ಮೂರು ದಶಕ ಎಂಬಿಬಿಎಸ್ ಓದುವ ಮಕ್ಕಳನ್ನು ಕೌಂಟರಿನ ಈಚೆಯಿಂದ ನೋಡಿದ್ದೇನೆ. ಪಾಠ ಮಾಡುವವರು ಅವರನ್ನು ತರಗತಿಯಲ್ಲಿ ಒಂದು ಗಂಟೆ ನೋಡುತ್ತಾರೆ, ಪರೀಕ್ಷಕರು ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಹತ್ತು ನಿಮಿಷ ನೋಡುತ್ತಾರೆ. ಅವರು ನಿಜವಾಗಿ ಓದುವುದನ್ನು, ಓದುತ್ತಿರುವಂತೆ ಕೂತಿರುವುದನ್ನು, ಈ ಎರಡರ ನಡುವಿನ ವ್ಯತ್ಯಾಸವನ್ನು ನೋಡುವ ಅವಕಾಶ ನನ್ನಂಥವರಿಗೆ ಮಾತ್ರ ಸಿಗುತ್ತದೆ. ನಾನು ಸೇರಿದಾಗ ನಮ್ಮ ವಾಚನಾಲಯಕ್ಕೆ ರಾತ್ರಿ ಹತ್ತಕ್ಕೆ ಬೀಗ ಬೀಳುತ್ತಿತ್ತು. ಪರೀಕ್ಷೆಯ ತಿಂಗಳಲ್ಲಿ ಹನ್ನೊಂದಕ್ಕೆ. ಆಮೇಲೆ ನಮ್ಮಲ್ಲೂ ಇಪ್ಪತ್ತನಾಲ್ಕು ಗಂಟೆಯ ವ್ಯವಸ್ಥೆ ಬಂತು. ಎರಡೂ ಕಾಲವನ್ನು ಕಂಡವಳಾಗಿ ಹೇಳುತ್ತಿದ್ದೇನೆ: ಆ ಬೀಗವನ್ನು ಮತ್ತೆ ಹಾಕಿ.

ಗ್ರಂಥಾಲಯದಲ್ಲಿ ಕೆಲಸ ಮಾಡಿದವರಿಗೆ ಒಂದು ವಿದ್ಯೆ ತಾನಾಗಿ ಬರುತ್ತದೆ. ಪುಸ್ತಕವನ್ನು ಮುಚ್ಚಿ ಅಡ್ಡ ಹಿಡಿದು ಅದರ ಅಂಚನ್ನು ನೋಡಿದರೆ ಸಾಕು, ಯಾರು ಎಲ್ಲಿಯವರೆಗೆ ಓದಿದ್ದಾರೆ ಎಂದು ತಿಳಿಯುತ್ತದೆ. ದೇಹರಚನೆಯನ್ನು ಹೇಳುವ ಅನಾಟಮಿ ಪುಸ್ತಕದಲ್ಲಿ ಕೈಗೆ ಸಂಬಂಧಿಸಿದ ಭಾಗ ಬೆವರು ಹತ್ತಿ ಕಂದುಬಣ್ಣಕ್ಕೆ ತಿರುಗಿರುತ್ತದೆ, ಏಕೆಂದರೆ ಬಹುತೇಕ ಕಾಲೇಜುಗಳಲ್ಲಿ ಪಾಠ ಅಲ್ಲಿಂದಲೇ ಶುರು. ತಲೆ ಮತ್ತು ಕುತ್ತಿಗೆಯ ಭಾಗ, ಮಿದುಳಿನ ಭಾಗ ಅಂಗಡಿಯಿಂದ ಬಂದಷ್ಟೇ ಬಿಳಿ. ಮದ್ದುಗಳ ಬಗ್ಗೆ ಹೇಳುವ ಫಾರ್ಮಕಾಲಜಿಯಲ್ಲಿ ಮೊದಲ ಕೆಲವು ಅಧ್ಯಾಯಗಳ ಹಾಳೆ ಕಿತ್ತು ಬಂದಿರುತ್ತದೆ, ಕೊನೆಯ ಕಡೆ ಇರುವ ಸೋಂಕಿನ ಮದ್ದುಗಳು, ಕ್ಯಾನ್ಸರ್ ಮದ್ದುಗಳ ಅಧ್ಯಾಯ ತೆರೆದರೆ ಹೊಸ ಕಾಗದದ ವಾಸನೆ. ಓದಿದ ಭಾಗದಲ್ಲಿಯಾದರೂ ಏನಿರುತ್ತದೆ? ಒಬ್ಬರು ಹಳದಿ ಬಣ್ಣದಲ್ಲಿ ಗೆರೆ ಎಳೆದಿರುತ್ತಾರೆ. ಮುಂದಿನ ವರ್ಷದವರು ಅದರ ಮೇಲೆ ಗುಲಾಬಿ. ಅದರ ಮುಂದಿನವರಿಗೆ ಬಿಟ್ಟ ಸಾಲೇ ಸಿಗದೆ ಹಸಿರು ಬಣ್ಣದಲ್ಲಿ ಅಂಚಿಗೆ ನಕ್ಷತ್ರ ಹಾಕಿರುತ್ತಾರೆ. ಇಡೀ ಪುಟವೇ ಮುಖ್ಯ ಎಂದಾದ ಮೇಲೆ ಗೆರೆ ಎಳೆದು ಪ್ರಯೋಜನವೇನು?

ಇದಕ್ಕೂ ರಾತ್ರಿಯ ವಾಚನಾಲಯಕ್ಕೂ ನೇರ ಸಂಬಂಧವಿದೆ. ಬೀಗ ಬೀಳುತ್ತಿದ್ದ ಕಾಲದಲ್ಲಿ ಮಕ್ಕಳು ಗಡಿಯಾರ ನೋಡಿಕೊಂಡು ಓದುತ್ತಿದ್ದರು. ಇನ್ನು ಮುಕ್ಕಾಲು ಗಂಟೆ ಇದೆ, ಈ ಅಧ್ಯಾಯ ಮುಗಿಸಿಬಿಡೋಣ ಎನ್ನುವ ಆತುರ ಇತ್ತು. ಬೀಗ ಹೋದ ಮೇಲೆ ಆತುರವೂ ಹೋಯಿತು. ಸಂಜೆ ಐದಕ್ಕೇ ಬ್ಯಾಗು, ನೀರಿನ ಬಾಟಲಿ ಇಟ್ಟು ಜಾಗ ಹಿಡಿಯುತ್ತಾರೆ. ಎಂಟಕ್ಕೆ ಊಟ, ಒಂಬತ್ತಕ್ಕೆ ವಾಪಸ್ಸು. ಹನ್ನೆರಡರ ಹೊತ್ತಿಗೆ ಎಲ್ಲರ ಕಣ್ಣೂ ಎಳೆಯುತ್ತಿರುತ್ತದೆ, ಆದರೆ ಯಾರೂ ಏಳುವುದಿಲ್ಲ. ಮೊದಲು ಎದ್ದು ಹೋಗುವವರನ್ನು ಉಳಿದವರು ತಲೆಯೆತ್ತಿ ನೋಡುತ್ತಾರಲ್ಲ, ಆ ನೋಟಕ್ಕೆ ಹೆದರಿ ಕೂತಿರುತ್ತಾರೆ. ಪಿಯುಸಿವರೆಗೂ ತಮ್ಮ ತಮ್ಮ ಊರಿಗೆ ತಾವೇ ಮೊದಲಿಗರಾಗಿದ್ದ ಮಕ್ಕಳು ಇವರು. ಇಲ್ಲಿಗೆ ಬಂದ ಮೇಲೆ ಅಂಕದಲ್ಲಿ ಮೊದಲಿಗರಾಗಲು ಎಲ್ಲರಿಗೂ ಆಗುವುದಿಲ್ಲ. ನಿದ್ದೆಗೆಡುವುದರಲ್ಲಿಯಾದರೂ ಹಿಂದೆ ಬೀಳಬಾರದಲ್ಲ! ರಾತ್ರಿ ಪಾಳಿಯ ಮೇಲ್ವಿಚಾರಣೆಗೆ ಹೋದಾಗಲೆಲ್ಲ ಕಾಣುತ್ತಿದ್ದುದು ಇದೇ. ಒಂದು ಗಂಟೆಗೆ ತೆರೆದಿದ್ದ ಪುಟವೇ ಎರಡೂವರೆಗೂ ತೆರೆದಿರುತ್ತಿತ್ತು. ಬಿಳಿ ಏಪ್ರನ್ ಮಡಚಿ ಅದರ ಮೇಲೆ ತಲೆ, ಪಕ್ಕದಲ್ಲಿ ಮಿಣುಕುವ ಮೊಬೈಲು. ಬೆಳಿಗ್ಗೆ ಎಂಟರ ಉಪನ್ಯಾಸದಲ್ಲಿ ಅದೇ ತಲೆ ಹಿಂದಿನ ಬೆಂಚಿನ ಮೇಲೆ. ಆ ಪಾಠ ಅರ್ಥವಾಗದ್ದಕ್ಕೆ ಮರುದಿನ ಇನ್ನೊಂದು ರಾತ್ರಿ.

ಗ್ರಂಥಪಾಲಕಿಗೆ ಕಪಾಟಿನಲ್ಲಿರುವುದನ್ನು ಓದುವ ಚಟ ಇರಬೇಕು, ನನಗಿತ್ತು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಒಂದು ಸರಳ ಪ್ರಯೋಗ ಪ್ರಕಟವಾಯಿತು. ಒಂದು ಗುಂಪಿನವರು ಕೊಟ್ಟ ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನೊಂದು ಗುಂಪಿನವರು ಓದಿ, ಹಾಳೆ ಮುಚ್ಚಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದೆ. ಒಂದು ವಾರದ ನಂತರ ಪರೀಕ್ಷಿಸಿದಾಗ ಲೆಕ್ಕ ತಿರುಗಿಬಿತ್ತು, ಮುಚ್ಚಿ ನೆನಪಿಸಿಕೊಂಡವರು ಬಹಳ ಮುಂದಿದ್ದರು. ನನಗೆ ಹೆಚ್ಚು ತಮಾಷೆಯಾಗಿ ಕಂಡದ್ದು ಇನ್ನೊಂದು ಸಂಗತಿ. ಮತ್ತೆ ಮತ್ತೆ ಓದಿದವರಿಗೇ ತಮ್ಮ ನೆನಪಿನ ಮೇಲೆ ಹೆಚ್ಚು ವಿಶ್ವಾಸವಿತ್ತಂತೆ! ನಮ್ಮ ವಾಚನಾಲಯದ ಬಣ್ಣಬಣ್ಣದ ಪುಟಗಳೆಲ್ಲ ಈ ವಿಶ್ವಾಸದ ಫಲ. ನಾಲ್ಕನೇ ಸಲ ಓದುವಾಗ ಸಾಲು ಪರಿಚಿತ ಎನಿಸುತ್ತದೆ, ಪರಿಚಿತ ಎನಿಸಿದ್ದನ್ನು ಬರುತ್ತದೆ ಎಂದು ನಂಬುತ್ತಾರೆ. ವೈವಾದಲ್ಲಿ ಪರೀಕ್ಷಕರು ಮೂಳೆಯೊಂದನ್ನು ಕೈಗಿಟ್ಟು, ಇದಕ್ಕೆ ಯಾವ ಸ್ನಾಯು ಅಂಟಿಕೊಂಡಿರುತ್ತದೆ ಎಂದಾಗ ಬಾಯಿ ಕಟ್ಟುತ್ತದೆ. ಹೊರಗೆ ಬಂದು, ‘ಮೇಡಂ, ಎಲ್ಲಾ ಓದಿದ್ದೆ, ಹೇಳಲು ಬರಲಿಲ್ಲ’ ಎಂದು ಕೌಂಟರಿಗೆ ಒರಗಿ ಅತ್ತವರನ್ನು ಸಾಕಷ್ಟು ನೋಡಿದ್ದೇನೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಓದಿದ್ದರು, ಆದರೆ ಪುಸ್ತಕ ಮುಚ್ಚಿ ಒಮ್ಮೆಯೂ ಹೇಳಿ ನೋಡಿರಲಿಲ್ಲ.

ಹೇಳಿ ನೋಡುವುದು ಹೇಗಿರುತ್ತದೆ ಎಂಬುದಕ್ಕೆ ಒಬ್ಬ ಹುಡುಗನ ವಿಷಯ ಬರೆಯುತ್ತೇನೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಸರ್ಕಾರಿ ಕೋಟಾದ ಸೀಟಿನಲ್ಲಿ ಬಂದವನು. ನೀಟ್ ಪರೀಕ್ಷೆಯನ್ನೇನೋ ಈಗ ಕನ್ನಡದಲ್ಲಿಯೂ ಬರೆಯಬಹುದು, ಒಳಗೆ ಕಾಲಿಟ್ಟ ದಿನದಿಂದ ಎಲ್ಲವೂ ಇಂಗ್ಲಿಷು. ಮೊದಲ ವರ್ಷ ಅವನು ಒಂದು ಪುಟಕ್ಕೆ ಉಳಿದವರ ಎರಡರಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದ. ಎರಡನೇ ವರ್ಷ ಫಾರ್ಮಕಾಲಜಿ ಓದುವಾಗ ನಮ್ಮ ಗ್ರಂಥಾಲಯದ ಕಸ ಗುಡಿಸುವ ಅಟೆಂಡರ್ ಒಬ್ಬರು, ಐವತ್ತು ದಾಟಿದವರು, ತಮ್ಮ ಬಿಪಿ ಮಾತ್ರೆಯ ಪಟ್ಟಿಯನ್ನು ಅವನ ಮುಂದೆ ಹಿಡಿದು, ‘ಡಾಕ್ಟರೇ, ಇದು ಏನು ಮಾಡುತ್ತದೆ?’ ಎಂದು ಕೇಳಿದರು. ಅಮ್ಲೋಡಿಪಿನ್. ಅವನು ಉತ್ಸಾಹದಿಂದ ಶುರು ಮಾಡಿದ. ‘ಅಕ್ಕಾ, ರಕ್ತನಾಳದ ಗೋಡೆಯಲ್ಲಿ ಸಣ್ಣ ಮಾಂಸಖಂಡ ಇರುತ್ತದೆ. ಅದು ಬಿಗಿಯಾಗಲು ಕ್ಯಾಲ್ಸಿಯಂ ಒಳಗೆ ಹೋಗಬೇಕು. ಈ ಮಾತ್ರೆ ಆ ಬಾಗಿಲನ್ನು ಮುಚ್ಚುತ್ತದೆ. ನಾಳ ಸಡಿಲವಾಗುತ್ತದೆ, ಒತ್ತಡ ಇಳಿಯುತ್ತದೆ.’ ಅಕ್ಕ ಎಲ್ಲ ಕೇಳಿಸಿಕೊಂಡು, ಸೀರೆಯ ಅಂಚನ್ನು ಒಂದಿಷ್ಟು ಮೇಲೆತ್ತಿ ಪಾದ ತೋರಿಸಿ, ‘ಹಾಗಾದರೆ ಇದನ್ನು ತೆಗೆದುಕೊಂಡ ಮೇಲೆ ಕಾಲು ಯಾಕೆ ಊದಿಕೊಂಡಿದೆ?’ ಎಂದರು.

ಹುಡುಗನ ಬಾಯಿ ನಿಂತಿತು. ಕಾಲು ಊದುವುದು ಆ ಮಾತ್ರೆಯ ಅಡ್ಡಪರಿಣಾಮ ಎಂದು ಅವನಿಗೆ ಗೊತ್ತಿತ್ತು, ಪುಸ್ತಕದಲ್ಲಿದ್ದ ಅಡ್ಡಪರಿಣಾಮಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದ. ಏಕೆ ಎಂದು ಗೊತ್ತಿರಲಿಲ್ಲ. ಎದ್ದು ಕಪಾಟಿಗೆ ಹೋಗಿ ಎರಡು ಪುಸ್ತಕ ತೆಗೆದು, ಅರ್ಧ ಗಂಟೆ ತಡಕಾಡಿ ಮರಳಿ ಬಂದ. ಹೃದಯದಿಂದ ರಕ್ತ ತರುವ ಸಣ್ಣ ನಾಳಗಳನ್ನು ಈ ಮಾತ್ರೆ ಹಿಗ್ಗಿಸುತ್ತದೆ, ರಕ್ತ ವಾಪಸ್ಸು ಒಯ್ಯುವ ನಾಳಗಳನ್ನು ಅಷ್ಟಾಗಿ ಹಿಗ್ಗಿಸುವುದಿಲ್ಲ. ಬರುವುದು ಹೆಚ್ಚಾಗಿ, ಹೋಗುವುದು ಅಷ್ಟೇ ಉಳಿದಾಗ ನಡುವಿನ ಕೂದಲೆಳೆಯಂಥ ನಾಳಗಳಲ್ಲಿ ಒತ್ತಡ ಏರಿ ನೀರು ಹೊರಗೆ ಜಿನುಗುತ್ತದೆ. ನಿಂತು ಕೆಲಸ ಮಾಡುವವರಿಗೆ ಅದು ಪಾದದಲ್ಲಿ ನಿಲ್ಲುತ್ತದೆ. ಇದನ್ನು ಅಕ್ಕನಿಗೆ ಕನ್ನಡದಲ್ಲಿ ಹೇಳಿ, ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಓಪಿಡಿಯಲ್ಲಿ ತೋರಿಸಿ ಎಂದೂ ಸೇರಿಸಿದ. ಅಲ್ಲಿಂದ ಮುಂದೆ ದಿನವೂ ಸಂಜೆ ಒಂದು ವಿಷಯವನ್ನು ಅಕ್ಕನಿಗೋ, ಕಾವಲುಗಾರನಿಗೋ ಹೇಳುವುದು ಅವನ ಪದ್ಧತಿಯಾಯಿತು. ಹೇಳುವಾಗ ಎಲ್ಲಿ ತೊದಲಿದನೋ ಆ ಜಾಗವನ್ನು ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಮರುದಿನ ಅಷ್ಟನ್ನೇ ಓದುತ್ತಿದ್ದ. ಹತ್ತೂವರೆಗೆ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದ. ಎಲ್ಲರೂ ತಲೆಯೆತ್ತಿ ನೋಡುತ್ತಿದ್ದರು, ಅವನು ತಿರುಗಿ ನೋಡುತ್ತಿರಲಿಲ್ಲ.

ಇಲ್ಲೊಂದು ವಿಪರ್ಯಾಸವಿದೆ. ನಮ್ಮ ವಾಚನಾಲಯಗಳ ಗೋಡೆಯ ಮೇಲೆಲ್ಲ ‘ನಿಶ್ಶಬ್ದ’ ಎಂದು ದೊಡ್ಡದಾಗಿ ಬರೆದಿರುತ್ತದೆ. ವೈದ್ಯಕೀಯ ಓದಿನಲ್ಲಿ ಅತ್ಯಂತ ಫಲ ಕೊಡುವ ಕೆಲಸ, ಅಂದರೆ ಇಬ್ಬರು ಕೂತು ಒಬ್ಬರನ್ನೊಬ್ಬರು ಪ್ರಶ್ನೆ ಕೇಳುವುದು, ಅಲ್ಲಿ ಅಪರಾಧ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಹೆಲಿನೆಟ್ ಎಂಬ ಡಿಜಿಟಲ್ ಗ್ರಂಥಾಲಯ ಜಾಲದ ಮೂಲಕ ನಿಯತಕಾಲಿಕಗಳು ಕಂಪ್ಯೂಟರಿಗೆ ಬಂದ ಮೇಲೆ ನಮ್ಮಲ್ಲಿ ಹಳೆಯ ಜರ್ನಲ್ಲುಗಳ ಬೈಂಡು ತುಂಬಿದ್ದ ಒಂದು ಕೋಣೆ ನಿರುಪಯೋಗಿಯಾಯಿತು. ಬಹಳ ಕಾಗದ ಓಡಿಸಿ ಅದನ್ನು ಖಾಲಿ ಮಾಡಿಸಿದೆ. ಎರಡು ಮೇಜು, ಹಳೆಯ ಕರಿಹಲಗೆ, ಸೀಮೆಸುಣ್ಣದ ಪೆಟ್ಟಿಗೆ, ವಿಶ್ವವಿದ್ಯಾಲಯದ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳ ಬೈಂಡು, ಇಷ್ಟೇ ಅಲ್ಲಿದ್ದುದು. ಮಾತನಾಡಲು ಅನುಮತಿ, ಪಠ್ಯಪುಸ್ತಕಕ್ಕೆ ಪ್ರವೇಶವಿಲ್ಲ. ಮೊದಮೊದಲು ಹರಟೆಗೆ ಬಂದರು. ಬರಲಿ, ಅದೂ ಬೇಕು. ಇಂಟರ್ನಲ್ಸ್, ಅಂದರೆ ಕಾಲೇಜಿನ ಆಂತರಿಕ ಪರೀಕ್ಷೆಗಳು, ಹತ್ತಿರ ಬಂದಾಗ ಹಲಗೆಯ ಮೇಲೆ ಬ್ರೇಕಿಯಲ್ ಪ್ಲೆಕ್ಸಸ್ ಬರೆಯುವ ಪಂದ್ಯ ನಡೆಯಿತು. ಕುತ್ತಿಗೆಯಿಂದ ಕಂಕುಳಿನವರೆಗೆ ನರಗಳು ಕವಲೊಡೆದು ಕೂಡಿಕೊಳ್ಳುವ ಆ ಗೋಜಲು ಚಿತ್ರವನ್ನು ಒಬ್ಬಳು ಕಣ್ಣು ಮುಚ್ಚಿ ಹೇಳುತ್ತಿದ್ದಳು, ಇನ್ನೊಬ್ಬ ಬರೆಯುತ್ತಿದ್ದ. ತಪ್ಪಿದರೆ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಆ ಕೂಗಿಗೆ ಪಕ್ಕದ ವಿಭಾಗದವರಿಂದ ನನಗೆ ದೂರು ಬಂದದ್ದೂ ಉಂಟು.

ಇಷ್ಟು ಹೇಳಿದ ಮೇಲೆ, ಮಕ್ಕಳಿಗೆ ಓದುವ ಕ್ರಮ ಗೊತ್ತಿಲ್ಲ, ಕಲಿಸಿದರೆ ಸಾಕು ಎಂದು ಕಾಲೇಜುಗಳು ಕೈತೊಳೆದುಕೊಳ್ಳಬಾರದು. ರಾತ್ರಿ ಎರಡರವರೆಗೆ ಕೂತವರ ಮೇಜಿನ ಮೇಲೆ ಎಷ್ಟೋ ಸಲ ಪಠ್ಯಪುಸ್ತಕವೇ ಇರುತ್ತಿರಲಿಲ್ಲ. ಇರುತ್ತಿದ್ದುದು ರೆಕಾರ್ಡ್. ಅಂಗಾಂಶದ ಸ್ಲೈಡುಗಳ ಚಿತ್ರ ಬರೆದು ತುಂಬುವ ಪುಸ್ತಕ. ಸೂಕ್ಷ್ಮದರ್ಶಕದಲ್ಲಿ ಜೀವಕೋಶದ ಕೇಂದ್ರ ನೇರಳೆಯಾಗಿ, ಉಳಿದದ್ದು ಗುಲಾಬಿಯಾಗಿ ಕಾಣುತ್ತದೆ, ಬಳಸುವ ಎರಡು ಬಣ್ಣಗಳಿಂದಾಗಿ. ಅದಕ್ಕೇ ಮೊದಲ ವರ್ಷದವರ ಜೇಬಿನಲ್ಲೆಲ್ಲ ನೇರಳೆ, ಗುಲಾಬಿ ಪೆನ್ಸಿಲ್ಲು. ಸ್ಲೈಡ್ ನೋಡಿ ಬರೆದರೆ ಅದೊಂದು ಒಳ್ಳೆಯ ಅಭ್ಯಾಸ, ಒಪ್ಪುತ್ತೇನೆ. ನಾನು ಕಂಡದ್ದು ಸೀನಿಯರ್ ಒಬ್ಬರ ರೆಕಾರ್ಡನ್ನು ನಡುವೆ ಇಟ್ಟುಕೊಂಡು ಎಂಟು ಜನ ಸುತ್ತ ಕೂತು ನಕಲು ಮಾಡುವುದನ್ನು. ಮೂತ್ರಪಿಂಡದ ಚಿತ್ರದಲ್ಲಿ ಆ ಸೀನಿಯರ್ ಮಾಡಿದ್ದ ತಪ್ಪು ಎಂಟು ರೆಕಾರ್ಡಿನಲ್ಲಿಯೂ ಸಹಿಯಾಗಿ ಬಂತು. 2019ರಲ್ಲಿ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂದ ಮೇಲೆ ಇದಕ್ಕೆ ಲಾಗ್‌ಬುಕ್ ಸೇರಿತು. ವಿದ್ಯಾರ್ಥಿ ಯಾವ ಕೌಶಲವನ್ನು ಯಾವತ್ತು ಕಲಿತ ಎಂದು ದಾಖಲಿಸುವ ಉದ್ದೇಶ ಚೆನ್ನಾಗಿಯೇ ಇದೆ. ಆಚರಣೆಯಲ್ಲಿ, ಪರೀಕ್ಷೆಗೆ ವಾರವಿರುವಾಗ ಇಡೀ ವರ್ಷದ ದಿನಾಂಕಗಳನ್ನು ಒಂದೇ ರಾತ್ರಿ ತುಂಬಿ, ಬೆಳಿಗ್ಗೆ ಸಹಿಗಾಗಿ ವಿಭಾಗದಿಂದ ವಿಭಾಗಕ್ಕೆ ಅಲೆಯುವುದು. ಓದಬೇಕಾದ ಹೊತ್ತು ಹೀಗೆ ಬಣ್ಣಕ್ಕೂ ಸಹಿಗೂ ಹೋದ ಮೇಲೆ ಓದಲು ಉಳಿಯುವುದು ನಿದ್ದೆಯ ಹೊತ್ತೇ.

ಕಾಲವೂ ಕುಗ್ಗಿದೆ. ನಾನು ಕೆಲಸಕ್ಕೆ ಸೇರಿದಾಗ ಮೊದಲ ಎಂಬಿಬಿಎಸ್ ಹದಿನೆಂಟು ತಿಂಗಳಿತ್ತು. 1997ರ ನಿಯಮದಲ್ಲಿ ಹನ್ನೆರಡಕ್ಕೆ ಇಳಿಯಿತು. ಪುಸ್ತಕಗಳು ಮಾತ್ರ ಆವೃತ್ತಿಯಿಂದ ಆವೃತ್ತಿಗೆ ದಪ್ಪವಾಗುತ್ತಾ ಹೋದವು, ಒಂದರ ಜಾಗದಲ್ಲಿ ಎರಡು ಸಂಪುಟ ಬಂದು ನಾವು ಕಪಾಟಿನ ಹಲಗೆಗಳನ್ನೇ ಎತ್ತರಿಸಬೇಕಾಯಿತು. ಹಾಜರಾತಿ ಥಿಯರಿಗೆ ಶೇ 75, ಪ್ರಾಕ್ಟಿಕಲ್‌ಗೆ ಶೇ 80 ಇರದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ನಿಯಮ ಸರಿ, ಹೆಣ ಕೊಯ್ಯದೆ, ರೋಗಿಯನ್ನು ಮುಟ್ಟದೆ ಡಾಕ್ಟರಾಗುವವರು ನಮಗೆ ಬೇಡ. ಆದರೆ ಜ್ವರದಲ್ಲಿ ನಡುಗುವ ಹುಡುಗಿ ಹಾಜರಾತಿಗೆ ಹೆದರಿ ಮಕ್ಕಳ ವಾರ್ಡಿಗೆ ಪೋಸ್ಟಿಂಗಿಗೆ, ಅಂದರೆ ರೋಗಿಗಳ ನಡುವಿನ ತರಬೇತಿಗೆ, ಹೋಗುವುದನ್ನು ಕಂಡಾಗ, ಕಾಯಿಲೆಯ ಬಗ್ಗೆ ಪಾಠ ಮಾಡುವ ಸಂಸ್ಥೆ ಇದೇನಾ ಎಂದು ಅನ್ನಿಸದೆ ಇರಲಿಲ್ಲ.

ಇನ್ನು ‘ಒತ್ತಡ ನಿರ್ವಹಣೆ’ ಕಾರ್ಯಾಗಾರಗಳ ಬಗ್ಗೆ ನಾಲ್ಕು ಮಾತು. ವರ್ಷಕ್ಕೊಮ್ಮೆ ಸಭಾಂಗಣದಲ್ಲಿ ನಡೆಯುತ್ತದೆ. ತರಗತಿಗಳೆಲ್ಲ ಮುಗಿದ ಮೇಲೆ, ಸಂಜೆ ನಾಲ್ಕರಿಂದ ಆರು. ಬರುವುದು ಕಡ್ಡಾಯ. ಪರದೆಯ ಮೇಲೆ ಸೂರ್ಯೋದಯದ ಚಿತ್ರ, ದೀರ್ಘವಾಗಿ ಉಸಿರೆಳೆದುಕೊಳ್ಳಿ ಎಂಬ ಸಲಹೆ, ಅತಿಥಿಗಳಿಗೆ ಹಾರ. ಒಂದು ವರ್ಷ, ವಾರ್ಡಿನಲ್ಲಿ ಪೋಸ್ಟಿಂಗ್ ಇದ್ದುದರಿಂದ ಬರಲಾಗದ ಬ್ಯಾಚಿಗೆ ಗೈರುಹಾಜರಿಯ ಕಾರಣ ಕೇಳಿ ನೋಟಿಸು ಬಂತು. ಒತ್ತಡ ಕಡಿಮೆ ಮಾಡುವ ಸಭೆಗೆ ಬಾರದ್ದಕ್ಕೆ ನೋಟಿಸು!

ಇದನ್ನು ನಗೆಯಲ್ಲಿ ತೇಲಿಸಲು ಆಗದಂಥ ಸಂಗತಿಗಳೂ ಇವೆ. ರಾಷ್ಟ್ರೀಯ ವೈದ್ಯಕೀಯ ಆಯೋಗ ನೇಮಿಸಿದ್ದ ಕಾರ್ಯಪಡೆಯೊಂದು 2024ರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ವರದಿ ಕೊಟ್ಟಿತು. ಅದರ ಅಧ್ಯಕ್ಷರಾಗಿದ್ದವರು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಪ್ರಾಧ್ಯಾಪಕರು. ಆನ್‌ಲೈನ್ ಸಮೀಕ್ಷೆಗೆ ಉತ್ತರಿಸಿದ 25,590 ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಶೇ 27.8 ಮಂದಿ ತಮಗೆ ಮಾನಸಿಕ ಆರೋಗ್ಯದ ತೊಂದರೆ ಇದೆ ಎಂದಿದ್ದಾರೆ. ಶೇ 16.2 ಮಂದಿಗೆ ಬದುಕು ಮುಗಿಸಿಕೊಳ್ಳುವ ಯೋಚನೆ ಬಂದದ್ದುಂಟು. ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಈ ಪ್ರಮಾಣ ಶೇ 31. ಉತ್ತರಿಸಲು ಮನಸ್ಸು ಮಾಡಿದವರ ಲೆಕ್ಕ ಇದು, ಎಲ್ಲರದ್ದಲ್ಲ ಎಂದು ವಾದಿಸಬಹುದು. ವಾದಿಸಿ ಏನು ಗೆದ್ದಂತಾಯಿತು?

ಕಾಲೇಜುಗಳಲ್ಲಿ ಆಪ್ತಸಮಾಲೋಚಕರಿಲ್ಲ ಎಂದಲ್ಲ, ಕಾಗದದ ಮೇಲಂತೂ ಇದ್ದಾರೆ. ಬಹಳ ಕಡೆ ಆ ಜವಾಬ್ದಾರಿಯನ್ನು ಅದೇ ಕಾಲೇಜಿನ ಮನೋವೈದ್ಯಕೀಯ ವಿಭಾಗಕ್ಕೆ ಒಪ್ಪಿಸಿರುತ್ತಾರೆ. ಇಂದು ಯಾರ ಮುಂದೆ ಕೂತು ‘ಸರ್, ನನಗೆ ಬೆಳಿಗ್ಗೆ ಏಳಲು ಮನಸ್ಸಾಗುತ್ತಿಲ್ಲ’ ಎಂದು ಹೇಳಬೇಕೋ ಅವರೇ ನಾಳೆ ವಾರ್ಡಿನಲ್ಲಿ ಕೇಸ್ ಕೇಳುವವರು, ಅಂಕ ಕೊಡುವವರು. ಯಾರು ಹೇಳಿಯಾರು? ಸಮಾಲೋಚನೆಯ ಕೋಣೆ ಪ್ರಾಂಶುಪಾಲರ ಕಚೇರಿಯ ಎದುರಿಗಿದ್ದರಂತೂ ಆ ಕಡೆ ಯಾರೂ ಸುಳಿಯುವುದಿಲ್ಲ. ಅದಕ್ಕೇ ಮಕ್ಕಳು ಅಟೆಂಡರ್ ಹತ್ತಿರ, ಮೆಸ್ಸಿನ ಭಟ್ಟರ ಹತ್ತಿರ, ಪುಸ್ತಕ ಕೊಡುವ ಮೇಡಂ ಹತ್ತಿರ ಹೇಳಿಕೊಳ್ಳುತ್ತಾರೆ. ನಾವು ಕೇಳಿಸಿಕೊಳ್ಳಬಹುದು, ಚಿಕಿತ್ಸೆ ಕೊಡಲಾರೆವು. ಹೊರಗಿನಿಂದ ವಾರಕ್ಕೆ ಎರಡು ದಿನ ಬರುವ, ಕಾಲೇಜಿನ ಪರೀಕ್ಷೆಗೆ ಯಾವ ಸಂಬಂಧವೂ ಇಲ್ಲದ ಒಬ್ಬರು ಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಆ ಸಂಖ್ಯೆಯನ್ನು ಗ್ರಂಥಾಲಯದ ಪ್ರತಿ ಮೇಜಿನ ಮೇಲೂ ಅಂಟಿಸಿದ್ದೆ. ಬೇರೆ ಗ್ರಂಥಪಾಲಕರೂ ಅಂಟಿಸಲಿ, ಯಾರ ಅನುಮತಿಯೂ ಬೇಡ.

ಪಿಜಿ, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿಗಳ ಪಾಡು ಬೇರೆಯೇ. ಮಧ್ಯಾಹ್ನ ಎರಡರ ಹೊತ್ತಿಗೆ ಅವರು ಗ್ರಂಥಾಲಯಕ್ಕೆ ಬರುತ್ತಿದ್ದುದು ಓದಲಿಕ್ಕಲ್ಲ. ಡ್ಯೂಟಿ ರೂಮಿನಲ್ಲಿ ಇರುವುದು ಒಂದೇ ಮಂಚ, ಪಾಳಿಯಲ್ಲಿರುವವರು ನಾಲ್ವರು. ಕಪಾಟುಗಳ ಹಿಂದೆ ಎರಡು ಕುರ್ಚಿ ಜೋಡಿಸಿಕೊಂಡು ಮಲಗಿಬಿಡುತ್ತಿದ್ದರು. ನಾನು ಆ ಸಾಲಿನ ದೀಪ ಆರಿಸಿಬಿಡುತ್ತಿದ್ದೆ, ಫೋನ್ ಬಂದರೆ ಎಬ್ಬಿಸುತ್ತಿದ್ದೆ. ರೆಸಿಡೆಂಟ್ ವೈದ್ಯರ, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಕಲಿಯುವ ಇಂಥವರ ಸತತ ಕೆಲಸ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 1992ರಲ್ಲೇ ನಿರ್ದೇಶನ ಕೊಟ್ಟಿದೆ. 2024ರ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರದಿರಲಿ, ಒಂದು ದಿನ ರಜೆ ಇರಲಿ, ದಿನಕ್ಕೆ ಏಳೆಂಟು ಗಂಟೆ ನಿದ್ದೆ ಸಿಗಲಿ ಎನ್ನುತ್ತದೆ. ಮೂವತ್ತೆರಡು ವರ್ಷದಲ್ಲಿ ನಾವು 48ರಿಂದ 74ಕ್ಕೆ ಮುಂದುವರಿದಿದ್ದೇವೆ ಎಂದು ಯಾರಾದರೂ ವ್ಯಂಗ್ಯವಾಡಿದರೆ ನನ್ನಲ್ಲಿ ಉತ್ತರವಿಲ್ಲ. ಆ 74 ಆದರೂ ಜಾರಿಗೆ ಬಂದರೆ ಈಗಿನದಕ್ಕಿಂತ ವಾಸಿ ಎಂದು ಪಿಜಿಗಳೇ ಹೇಳುತ್ತಾರೆ. ಇವರೇ ಎಂಬಿಬಿಎಸ್ ಮಕ್ಕಳಿಗೆ ವಾರ್ಡಿನಲ್ಲಿ ಹತ್ತಿರದ ಗುರುಗಳು. ನಿದ್ದೆಯಿಲ್ಲದೆ ಸಿಡುಕುವ ಗುರುವಿನಿಂದ ಕಿರಿಯರು ಮೊದಲು ಕಲಿಯುವುದು ಸಿಡುಕನ್ನೇ.

ತಂದೆತಾಯಿಯರಿಗೂ ಒಂದು ಮಾತು ಹೇಳಬೇಕು. ಮೊಬೈಲು ಇಷ್ಟು ಹರಡದಿದ್ದಾಗ ಗ್ರಂಥಾಲಯದ ದೂರವಾಣಿಗೆ ಕರೆ ಮಾಡಿ, ‘ನಮ್ಮ ಮಗಳು ಅಲ್ಲಿದ್ದಾಳೆಯೇ, ಎಷ್ಟು ಹೊತ್ತಿನಿಂದ ಓದುತ್ತಿದ್ದಾಳೆ?’ ಎಂದು ವಿಚಾರಿಸುತ್ತಿದ್ದವರಿದ್ದರು. ಇದ್ದಾಳೆ ಎಂದರೆ ಸಮಾಧಾನ. ಈಗ ವಿಡಿಯೊ ಕರೆ ಮಾಡಿ ಹಿಂದಿನ ಗೋಡೆಯಲ್ಲಿ ಪುಸ್ತಕದ ಕಪಾಟು ಕಾಣುತ್ತದೆಯೇ ಎಂದು ನೋಡುತ್ತಾರಂತೆ. ಜಮೀನು ಅಡವಿಟ್ಟು ಶುಲ್ಕ ಕಟ್ಟಿದವರ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ಎಷ್ಟು ಗಂಟೆ ಓದಿದೆ ಎಂದು ಕೇಳುವ ಬದಲು, ಇವತ್ತು ಏನು ಕಲಿತೆ, ನನಗೆ ಹೇಳು ಎಂದು ಕೇಳಿ ನೋಡಿ. ಹತ್ತು ನಿಮಿಷ ಫೋನಿನಲ್ಲಿ ಹೇಳಿದರೆ ಅದೇ ಒಂದು ಪುನರಾವರ್ತನೆ. ನಿಮಗೂ ಸಕ್ಕರೆ ಕಾಯಿಲೆಯ ಬಗ್ಗೆ ಎರಡು ವಿಷಯ ತಿಳಿದಂತಾಗುತ್ತದೆ.

ಕಾಲೇಜಿನವರು ಮಾಡಬಹುದಾದದ್ದು ದೊಡ್ಡದೇನಲ್ಲ. ವಾಚನಾಲಯ ಬೆಳಿಗ್ಗೆ ಆರಕ್ಕೆ ತೆರೆಯಲಿ, ರಾತ್ರಿ ಹನ್ನೊಂದಕ್ಕೆ ಮುಚ್ಚಲಿ. ಹಾಸ್ಟೆಲ್ ಕೋಣೆಯಲ್ಲಿ ಓದುವವರು ಓದುತ್ತಾರೆ, ಅದನ್ನು ತಡೆಯಲು ಆಗದು, ಆದರೆ ಎಲ್ಲರ ಕಣ್ಣೆದುರು ಎಚ್ಚರವಿರುವ ಪಂದ್ಯ ನಿಲ್ಲುತ್ತದೆ. ಕೋಣೆಯಲ್ಲಿ ಮೂವರು ಇಕ್ಕಟ್ಟಾಗಿರುವವರಿಗೆ ಓದಲು ಬೇರೆ ಜಾಗವೆಲ್ಲಿ ಎಂದು ಕೇಳುವವರು ಕೇಳಲಿ, ನ್ಯಾಯವಾದ ಪ್ರಶ್ನೆ. ಹನ್ನೊಂದರವರೆಗೆ ಜಾಗ ಇದ್ದೇ ಇದೆ. ಅದರ ನಂತರ ಅವರಿಗೆ ಬೇಕಾದದ್ದು ಹಾಸಿಗೆ, ಮತ್ತು ಪಕ್ಕದವನು ದೀಪ ಆರಿಸುತ್ತಾನೆ ಎಂಬ ಖಾತ್ರಿ. ರೆಕಾರ್ಡಿನ ಚಿತ್ರಗಳನ್ನು ಪ್ರಯೋಗಾಲಯದಲ್ಲಿ ಸ್ಲೈಡಿನ ಎದುರೇ ಬರೆಸಿ ಅಲ್ಲೇ ಸಹಿ ಹಾಕಲಿ. ಮೂರು ವಿಷಯಗಳ ಇಂಟರ್ನಲ್ಸನ್ನು ಒಂದೇ ವಾರಕ್ಕೆ ತುರುಕುವ ಮೊದಲು ಮೂರು ವಿಭಾಗದವರು ಒಂದು ಸಲ ಕೂತು ಚಹಾ ಕುಡಿಯಲಿ. ಪ್ರತಿ ಗ್ರಂಥಾಲಯದಲ್ಲಿಯೂ ಮಾತನಾಡಲು ಒಂದು ಕೋಣೆ ಇರಲಿ, ಹವಾನಿಯಂತ್ರಣ ಬೇಡ, ಕರಿಹಲಗೆ ಸಾಕು. ವಾಚನಾಲಯದ ಬಾಗಿಲಲ್ಲಿ ಸಹಿ ಮಾಡಿಸಿಕೊಳ್ಳುವ ರಿಜಿಸ್ಟರು ಎಲ್ಲ ಕಾಲೇಜಿನಲ್ಲೂ ಇರುತ್ತದೆ. ನಡುರಾತ್ರಿ ದಾಟಿ ಸಹಿ ಮಾಡಿ ಹೊರಟವರು ಯಾರು, ಅವರ ಫಲಿತಾಂಶವೇನು ಎಂದು ಒಬ್ಬ ಗುಮಾಸ್ತರು ಎರಡು ಮಧ್ಯಾಹ್ನ ಕೂತರೆ ಹೊಂದಿಸಿ ನೋಡಬಹುದು. ಉದ್ಘಾಟನೆಗೆ ಮುಂಚೆ ಯಾರಾದರೂ ನೋಡಿದ್ದಾರೆಯೇ?

ಸಂಪಾದಕರೇ, ಮುಂದೆ ಇಂಥ ಸಮಾರಂಭಕ್ಕೆ ನಿಮ್ಮ ವರದಿಗಾರರು ಹೋದಾಗ ವೇದಿಕೆಯ ಭಾಷಣದ ಜೊತೆಗೆ ಇನ್ನೆರಡು ವಿಷಯ ಕೇಳಿಕೊಂಡು ಬರಲಿ. ಮೊದಲನೆಯದು, ಆಪ್ತಸಮಾಲೋಚಕರು ಕೂರುವುದೆಲ್ಲಿ, ಅವರು ಆ ಕಾಲೇಜಿನ ಪರೀಕ್ಷಕರೂ ಹೌದೇ? ಎರಡನೆಯದು, ಹಾಸ್ಟೆಲಿನ ಮೆಸ್ಸಿನಲ್ಲಿ ಬೆಳಗಿನ ತಿಂಡಿ ಎಷ್ಟು ಗಂಟೆಗೆ ಸಿದ್ಧವಾಗುತ್ತದೆ, ಮೊದಲ ತರಗತಿ ಎಷ್ಟಕ್ಕೆ? ನಾನಿದ್ದ ಕಡೆ ಎರಡೂ ಎಂಟಕ್ಕೇ ಇದ್ದವು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗ್ರಂಥಪಾಲಕಿ, ಚಿತ್ರದುರ್ಗ ಜಿಲ್ಲೆ